ಧೈರ್ಯ ತುಂಬಿದ್ದು ಸಿನಿಮಾವೇ?

ಎರಡನೇ ಮಹಾಯುದ್ಧದ ಪ್ರಚಾರ ಚಿತ್ರಗಳ ಕುರಿತ ನಮ್ಮ ಲೇಖನ ಓದಿ ಓದುಗರೊಬ್ಬರು ಬರೆದಿದ್ದಾರೆ: “ಈ ಚಿತ್ರಗಳು ಬ್ರಿಟನ್ನಿನ ಜನರ ಮನೋಸ್ಥೈರ್ಯ ಹೆಚ್ಚಿಸಿದವು ಎಂದಿದ್ದೀರಿ. ಅದಕ್ಕೆ ಆಧಾರವೇನು? ಸರ್ಕಾರ ಹೇಳಿಕೊಂಡದ್ದನ್ನೇ ನೀವೂ ನಂಬಿದಿರಾ? ನಮ್ಮ ಚಿತ್ರಸಮಾಜದಲ್ಲಿ ಇಂಥ ಒಂದೆರಡು ಚಿತ್ರ ತೋರಿಸಬೇಕೆಂದಿದ್ದೇವೆ. ಹೇಗೆ ನೋಡಬೇಕು?”

ನಿಮ್ಮ ಅನುಮಾನ ನ್ಯಾಯವಾದದ್ದು. ಹೆದರಿ ಕೂತವರು ಚಿತ್ರ ನೋಡಿ ಧೈರ್ಯಶಾಲಿಗಳಾಗಿ ಎದ್ದು ಬಂದರು ಎನ್ನಲು ಪುರಾವೆ ಇಲ್ಲ. ಆದರೆ ಹೇಗೋ ದಿನ ದೂಡುತ್ತಿದ್ದವರಿಗೆ, ಉಳಿದವರೂ ತಮ್ಮಂತೆಯೇ ದೂಡುತ್ತಿದ್ದಾರೆ ಎಂದು ಕೆಲವು ಚಿತ್ರಗಳು ತೋರಿಸಿಕೊಟ್ಟವು. ಅವು ನಾಟಿದ್ದಕ್ಕೆ ಕಾರಣ, ಪ್ರೇಕ್ಷಕರು ಅಂದು ಬೆಳಿಗ್ಗೆ ಬೀದಿಯಲ್ಲಿ ಕಂಡದ್ದಕ್ಕೂ ಸಂಜೆ ತೆರೆಯ ಮೇಲೆ ಕಂಡದ್ದಕ್ಕೂ ತಾಳೆಯಾಗುತ್ತಿತ್ತು. ತಾಳೆ ತಪ್ಪಿದ ಕಡೆ ಪ್ರಚಾರ ನೆಲಕಚ್ಚಿತು.

ಮೊದಲು ಈ ಚಿತ್ರಗಳು ಜನರನ್ನು ತಲುಪಿದ ಬಗೆ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾದ ಕೂಡಲೇ ಬಾಂಬಿನ ಭಯದಿಂದ ಬ್ರಿಟನ್ ತನ್ನ ಚಿತ್ರಮಂದಿರಗಳನ್ನೆಲ್ಲ ಮುಚ್ಚಿಸಿತು. ಕೆಲವೇ ವಾರಗಳಲ್ಲಿ ಮತ್ತೆ ತೆರೆಯಿತು. ಜನ ಒಂದೆಡೆ ಸೇರುವುದು ಬೇಕೆಂಬ ಅರಿವು ಬಂದಿತ್ತು. 1940ರಲ್ಲಿ ಮಾಹಿತಿ ಸಚಿವಾಲಯ ಐದು ನಿಮಿಷದ ಚಿತ್ರಗಳನ್ನು ವಾರಕ್ಕೊಂದರಂತೆ ಮಂದಿರಗಳಿಗೆ ಉಚಿತವಾಗಿ ಕೊಡತೊಡಗಿತು. ಮಂದಿರಗಳ 35 ಮಿ.ಮೀ. ಅಗಲದ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಐದು ನಿಮಿಷವೆಂದರೆ 450 ಅಡಿ. ಕಥಾಚಿತ್ರದ ಮುಂಚೆ ಅಷ್ಟನ್ನು ಸೇರಿಸಲು ಮಾಲೀಕರಿಗೆ ಹೆಚ್ಚು ತ್ರಾಸವಿರಲಿಲ್ಲ. ಮಂದಿರವಿಲ್ಲದ ಹಳ್ಳಿಗೆ, ಕಾರ್ಖಾನೆಯ ಕ್ಯಾಂಟೀನಿಗೆ ಸಚಿವಾಲಯದ ವ್ಯಾನುಗಳೇ 16 ಮಿ.ಮೀ. ಪ್ರೊಜೆಕ್ಟರು ಹೊತ್ತು ಹೋಗುತ್ತಿದ್ದವು. ಆ ಕಾಲದ 35 ಮಿ.ಮೀ. ನೈಟ್ರೇಟ್ ಫಿಲ್ಮು ಕಿಡಿ ತಗುಲಿದರೆ ಭಗ್ಗನೆ ಹೊತ್ತಿಕೊಳ್ಳುವಂಥದ್ದು, ಅದಕ್ಕೆ ಬೆಂಕಿ ತಡೆಯುವ ಪ್ರತ್ಯೇಕ ಕೋಣೆ ಬೇಕು. 16 ಮಿ.ಮೀ. ಫಿಲ್ಮು ಅಸಿಟೇಟಿನದು, ಆ ಅಪಾಯವಿಲ್ಲ. 400 ಅಡಿಯ ಒಂದು ರೀಲು ಸುಮಾರು ಹನ್ನೊಂದು ನಿಮಿಷ ನಡೆಯುತ್ತದೆ. ಊಟದ ಬಿಡುವಿನಲ್ಲೇ ತೋರಿಸಿ ಮುಗಿಸಬಹುದಿತ್ತು.

ಈಗ ಚಿತ್ರಗಳ ಒಳಗೆ ಹೋಗೋಣ. 1940ರ ‘ಲಂಡನ್ ಕ್ಯಾನ್ ಟೇಕ್ ಇಟ್’ (ಲಂಡನ್ ತಾಳಿಕೊಳ್ಳಬಲ್ಲದು) ಒಂಬತ್ತು ನಿಮಿಷದ್ದು. ಹ್ಯಾರಿ ವಾಟ್ ಮತ್ತು ಹಂಫ್ರಿ ಜೆನಿಂಗ್ಸ್ ನಿರ್ದೇಶಿಸಿದ್ದು. ಜರ್ಮನ್ ಬಾಂಬು ಬೀಳುತ್ತಿರುವಾಗ ಒಂದು ಸಂಜೆಯಿಂದ ಮರುಬೆಳಗಿನವರೆಗಿನ ಲಂಡನ್ನು, ಅಷ್ಟೇ ಕಥೆ. ಹಿನ್ನೆಲೆಯ ದನಿ ಅಮೆರಿಕದ ಪತ್ರಕರ್ತ ಕ್ವೆಂಟಿನ್ ರೆನಾಲ್ಡ್ಸ್‌ರದು. ಆಗಿನ್ನೂ ಯುದ್ಧಕ್ಕಿಳಿಯದ ಅಮೆರಿಕದ ಜನ ಬ್ರಿಟಿಷ್ ಸಚಿವಾಲಯದ ದನಿಯನ್ನು ಅನುಮಾನಿಸುತ್ತಿದ್ದರು, ತಮ್ಮವನೊಬ್ಬನ ವರದಿಯನ್ನು ಕೇಳುತ್ತಿದ್ದರು. ಅದೇ ಚಿತ್ರವನ್ನು ಸ್ವದೇಶದಲ್ಲಿ ‘ಬ್ರಿಟನ್ ಕ್ಯಾನ್ ಟೇಕ್ ಇಟ್’ ಎಂದು ತೋರಿಸಿದರು, ಏಕೆಂದರೆ ಬಾಂಬು ಬಿದ್ದದ್ದು ರಾಜಧಾನಿಯೊಂದರ ಮೇಲಲ್ಲ. ಅದರಲ್ಲಿ ಶವಗಳಿಲ್ಲ, ಕಂಗೆಟ್ಟು ಓಡುವವರಿಲ್ಲ. ಸುಳ್ಳು ಇರುವುದಾದರೆ ಅದು ಈ ಬಿಟ್ಟುಬಿಟ್ಟದ್ದರಲ್ಲಿದೆ.

1942ರ ‘ಲಿಸನ್ ಟು ಬ್ರಿಟನ್’ ನನಗೆ ಇನ್ನೂ ಹಿರಿದಾಗಿ ಕಾಣುತ್ತದೆ. ಜೆನಿಂಗ್ಸ್ ಮತ್ತು ಸಂಕಲನಕಾರ ಸ್ಟುವರ್ಟ್ ಮೆಕಲಿಸ್ಟರ್ ಸೇರಿ ಮಾಡಿದ ಸುಮಾರು ಇಪ್ಪತ್ತು ನಿಮಿಷದ ಈ ಚಿತ್ರಕ್ಕೆ ನಿರೂಪಣೆಯೇ ಇಲ್ಲ. ಕ್ಯಾಂಟೀನಿನ ದೃಶ್ಯವನ್ನು ಗಮನಿಸಿ: ಇಬ್ಬರು ಹಾಸ್ಯಗಾರರು ಹಾಡುತ್ತಿದ್ದಾರೆ, ಕಾರ್ಮಿಕರು ಊಟ ಮಾಡುತ್ತಲೇ ದನಿಗೂಡಿಸುತ್ತಾರೆ. ಆ ಹಾಡು ಮುಗಿಯುವ ಸ್ವರದ ಬೆನ್ನಿಗೇ ಮೊಜಾರ್ಟ್‌ನ ಸಂಗೀತ ಎತ್ತಿಕೊಳ್ಳುತ್ತದೆ. ನಾವೀಗ ಲಂಡನ್ನಿನ ಚಿತ್ರಕಲಾ ಸಂಗ್ರಹಾಲಯ ನ್ಯಾಷನಲ್ ಗ್ಯಾಲರಿಯಲ್ಲಿದ್ದೇವೆ, ಮೈರಾ ಹೆಸ್ ಪಿಯಾನೊ ನುಡಿಸುತ್ತಿದ್ದಾರೆ, ರಾಣಿ ಜನರ ನಡುವೆ ಕೂತಿದ್ದಾರೆ, ವರ್ಣಚಿತ್ರಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದ್ದರಿಂದ ಗೋಡೆಯಲ್ಲಿ ಬರಿ ಚೌಕಟ್ಟು. ಕಾರ್ಮಿಕರೂ ರಾಣಿಯೂ ಒಂದೇ ಎಂದು ಯಾರಾದರೂ ಬಾಯಿಬಿಟ್ಟು ಹೇಳಿದ್ದರೆ ಕಾರ್ಖಾನೆಯ ಪ್ರೇಕ್ಷಕರು ನಕ್ಕುಬಿಡುತ್ತಿದ್ದರು. ಇಲ್ಲಿ ಆ ಮಾತನ್ನು ಶಬ್ದದ ಒಂದು ಕೊಂಡಿ ಹೇಳಿಬಿಡುತ್ತದೆ.

ಇನ್ನು ಪುರಾವೆ. 1937ರಲ್ಲಿ ಶುರುವಾದ ಮಾಸ್ ಅಬ್ಸರ್ವೇಷನ್ ಸಂಸ್ಥೆಯವರು ಮಂದಿರಗಳಲ್ಲಿ ಕೂತು, ಜನ ಎಲ್ಲಿ ನಕ್ಕರು, ಎಲ್ಲಿ ಚಪ್ಪಾಳೆ ತಟ್ಟಿದರು ಎಂದು ಗುರುತು ಹಾಕಿಕೊಳ್ಳುತ್ತಿದ್ದರು. ಆದರೆ ಚಪ್ಪಾಳೆಯಿಂದ ಮನೋಸ್ಥೈರ್ಯ ಅಳೆಯಲಾಗದು. ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ನಡೆದದ್ದು ಅಮೆರಿಕದ ಸೇನೆಯಲ್ಲಿ. ಮನಶ್ಶಾಸ್ತ್ರಜ್ಞ ಕಾರ್ಲ್ ಹೊವ್ಲಂಡ್ ಮತ್ತವರ ಸಂಗಡಿಗರು ನಿರ್ದೇಶಕ ಫ್ರ್ಯಾಂಕ್ ಕ್ಯಾಪ್ರಾರ, ಯುದ್ಧವೇಕೆಂದು ಸೈನಿಕರಿಗೆ ವಿವರಿಸುವ ‘ವೈ ವಿ ಫೈಟ್’ ಮಾಲೆಯ ಚಿತ್ರಗಳನ್ನು ಒಂದು ಗುಂಪಿಗೆ ತೋರಿಸಿ, ಇನ್ನೊಂದಕ್ಕೆ ತೋರಿಸದೆ, ಎರಡನ್ನೂ ಹೆಸರು ಬರೆಸಿಕೊಳ್ಳದೆ ಪ್ರಶ್ನಿಸಿದರು. ನೋಡಿದವರಿಗೆ ಯುದ್ಧದ ಸಂಗತಿಗಳು ಚೆನ್ನಾಗಿ ತಿಳಿದಿದ್ದವು, ಕೆಲವು ಅಭಿಪ್ರಾಯಗಳೂ ತುಸು ಸರಿದಿದ್ದವು. ಹೋರಾಡುವ ಹುಮ್ಮಸ್ಸು ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಪರೀಕ್ಷೆಗೆ ಕೂತವರು ಸೈನಿಕರು, ನಾಗರಿಕರಲ್ಲ ಎಂಬುದನ್ನು ಮರೆಯಬೇಡಿ. ಆದರೂ ‘ಹೆಚ್ಚಿಸಿದವು’ ಎಂಬ ನಮ್ಮ ಲೇಖನದ ಮಾತಿಗಿಂತ ‘ಉಳಿಸಿಕೊಳ್ಳಲು ನೆರವಾದವು’ ಎನ್ನುವುದು ಹೆಚ್ಚು ಒಪ್ಪುತ್ತದೆ.

ತಾಳೆ ತಪ್ಪಿದ್ದಕ್ಕೆ ಜರ್ಮನಿಯನ್ನು ನೋಡಿ. 1940ರಲ್ಲಿ ಅಲ್ಲಿನ ವಾರ್ತಾಚಿತ್ರಗಳನ್ನೆಲ್ಲ ಒಂದಾಗಿಸಿದರು. ಗೆಲುವು ಬರುತ್ತಿದ್ದಷ್ಟು ಕಾಲ ಜನ ಮುಗಿಬಿದ್ದು ನೋಡಿದರು. 1943ರ ಆರಂಭದಲ್ಲಿ ಸ್ಟಾಲಿನ್‌ಗ್ರಾಡ್ ಕೈತಪ್ಪಿದ ಮೇಲೆ ಅದೇ ದನಿಯಲ್ಲಿ ಅದೇ ಭರವಸೆ ಹೇಳಿದಾಗ ನಂಬುವವರು ಕಡಿಮೆಯಾದರು. ಮುತ್ತಿಗೆಗೆ ಬಗ್ಗದ ಊರಿನ ಕಥೆಯ, ಭಾರಿ ವೆಚ್ಚದ ಬಣ್ಣದ ಸಿನಿಮಾ ‘ಕೋಲ್ಬರ್ಗ್’ ಬಿಡುಗಡೆಯಾದದ್ದು 1945ರ ಜನವರಿ 30ರಂದು. ಏಳು ವಾರ ತುಂಬುವ ಮೊದಲೇ ನಿಜವಾದ ಕೋಲ್ಬರ್ಗ್ ಊರು ಶತ್ರುವಶವಾಯಿತು. ಆ ಸುದ್ದಿ ಸೇನಾ ಪ್ರಕಟಣೆಯಲ್ಲಿ ಬಾರದಂತೆ ಪ್ರಚಾರ ಸಚಿವ ಗೋಬೆಲ್ಸ್ ನೋಡಿಕೊಂಡ.

ನಿಮ್ಮ ಪ್ರದರ್ಶನಕ್ಕೆ ಮೇಲಿನ ಎರಡು ಬ್ರಿಟಿಷ್ ಚಿತ್ರಗಳೇ ಸಾಕು. ಎರಡೂ ಸೇರಿ ಅರ್ಧ ಗಂಟೆ. ‘ಲಂಡನ್’ ಚಿತ್ರವನ್ನು ಮೊದಲು ದನಿ ನಿಲ್ಲಿಸಿ ತೋರಿಸಿ, ಆಮೇಲೆ ದನಿಯೊಂದಿಗೆ. ದೃಶ್ಯ ಎಷ್ಟು ಹೇಳುತ್ತದೆ, ನಿರೂಪಕ ಎಷ್ಟು ಸೇರಿಸುತ್ತಾನೆ ಎಂಬುದು ಆಗ ಬಿಡಿಬಿಡಿಯಾಗಿ ಕಾಣುತ್ತದೆ. ‘ಲಿಸನ್ ಟು ಬ್ರಿಟನ್’ಗೆ ಈ ಉಪಾಯ ಬೇಡ, ಅದರ ಜೀವವೇ ಶಬ್ದ. ಕೆಲವು ಪ್ರತಿಗಳಲ್ಲಿ ಆರಂಭಕ್ಕೆ ಒಬ್ಬ ಕೆನಡಿಯನ್ ಗಣ್ಯರ ಪೀಠಿಕೆಯ ಭಾಷಣವಿರುತ್ತದೆ. ನಿರೂಪಣೆಯಿಲ್ಲದ ಚಿತ್ರ ಜನಕ್ಕೆ ಅರ್ಥವಾಗದೇ ಹೋದೀತೆಂಬ ಅಳುಕಿನಿಂದ ಸೇರಿಸಿದ್ದು ಅದು. ಆ ಭಾಗವನ್ನು ಬಿಟ್ಟು ನೇರ ಗೋಧಿಹೊಲದಿಂದ ಶುರು ಮಾಡಿ.

— ಸಂಪಾದಕ