ಗಾಜಿನ ಮನೆಯ ಭಾರ ಹೊರುವವರು ಯಾರು?

ಪ್ರಶ್ನೆ: ಇಂಗ್ಲೆಂಡಿನ ಹಾರ್ಡ್‌ವಿಕ್ ಹಾಲ್‌ನಲ್ಲಿ ಗೋಡೆಗಿಂತ ಗಾಜೇ ಹೆಚ್ಚಂತೆ. ಹಾಗಾದರೆ ಅದು ನಿಂತಿರುವುದು ಹೇಗೆ?

ಉತ್ತರ: ಡರ್ಬಿಶೈರ್‌ನ ಈ ಮನೆಯನ್ನು 1590ರ ದಶಕದಲ್ಲಿ ಬೆಸ್ ಆಫ್ ಹಾರ್ಡ್‌ವಿಕ್ ಎಂಬ ಸಿರಿವಂತೆ ಕಟ್ಟಿಸಿದಳು. ಗುಟ್ಟಿರುವುದು ಭಾರ ಹೊರುವ ಒಳಗೋಡೆಗಳಲ್ಲಿ. ಹೊಗೆಗೂಡುಗಳನ್ನು ಅಲ್ಲೇ ಅಡಗಿಸಿದ್ದರಿಂದ ಹೊರಗೋಡೆ ಕಿಟಕಿಗಳಿಗೆ ತೆರವಾಯಿತು. ಮೇಲಿನ ಅಂತಸ್ತಿಗೆ ಹೋದಂತೆ ಕಿಟಕಿಗಳ ಎತ್ತರವೂ ಹೆಚ್ಚುತ್ತದೆ. ವೈಭವದ ಕೋಣೆಗಳಿರುವುದು ತುದಿಯ ಅಂತಸ್ತಿನಲ್ಲಿ. ಆಗ ಗಾಜು ದುಬಾರಿ, ಹಾಗಾಗಿ ಇದು ಶುದ್ಧ ಜಂಬವೂ ಹೌದು!

ಇಂಥ ಕಿಟಕಿಗಳಲ್ಲಿ ಸಣ್ಣ ಗಾಜುಗಳನ್ನು ಸೀಸದ ಪಟ್ಟಿಯಲ್ಲಿ ಕೂರಿಸಿ, ಕಬ್ಬಿಣದ ಸರಳಿಗೆ ಕಟ್ಟುತ್ತಾರೆ. ಸರಳಿನ ತುದಿ ತುಕ್ಕು ಹಿಡಿದು ಉಬ್ಬಿದರೆ ಅದನ್ನು ಹಿಡಿದಿರುವ ಕಿಟಕಿಯ ಕಲ್ಲಿನ ಕಂಬವೇ ಸೀಳುತ್ತದೆ. ಕಲ್ಲುಗಳ ಸಂದಿಗೆ ಸಿಮೆಂಟ್ ಬಳಿದರೆ ನೀರು ಕಲ್ಲೊಳಗೇ ಉಳಿದು, ಚಳಿಗೆ ಹೆಪ್ಪುಗಟ್ಟಿ ಪದರ ಕಳಚುತ್ತದೆ. ಅಲ್ಲಿಗೆ ಸುಣ್ಣದ ಗಾರೆಯೇ ಸರಿ.