ತುಂಗೆ, ಭದ್ರೆ ಬೆರಳಿಗೆ ಸಿಗುವ ಹಾಗೆ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಒಂದು ಶಾಲೆಯ ಶಿಕ್ಷಕಿ. ಏಳನೇ ತರಗತಿಯಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಾಳೆ. ಬ್ರೈಲ್ ಚೆನ್ನಾಗಿ ಓದುತ್ತಾಳೆ. ಅವಳಿಗಾಗಿ ಜಿಲ್ಲೆಯ ನಕ್ಷೆಯ ಗೆರೆಗಳ ಮೇಲೆಲ್ಲ ಗೋಂದು ಹಾಕಿ, ಒಣಗಿಸಿ ಕೊಟ್ಟೆ. ಏನೂ ತಿಳಿಯಲಿಲ್ಲ ಅಂದಳು. ತಪ್ಪು ಎಲ್ಲಾಗಿದೆ?

ಉತ್ತರ: ಮೇಡಂ, ನಾನೂ ಮೊದಲು ಹೀಗೇ ಮಾಡಿದ್ದೆ. ಶಿವಮೊಗ್ಗ ಪೇಟೆಯ ನಕ್ಷೆ ಅದು. ಬಿ.ಎಚ್. ರಸ್ತೆ, ನೆಹರೂ ರಸ್ತೆ, ರೈಲು ಹಳಿ, ತುಂಗೆ, ಒಂದನ್ನೂ ಬಿಟ್ಟಿರಲಿಲ್ಲ. ಹುಡುಗನೊಬ್ಬ ಕೈಯಾಡಿಸಿ, "ಸಾರ್, ತುರಿಮಣೆ ಇದ್ದ ಹಾಗಿದೆ" ಅಂದ.

ಕಣ್ಣಿಗೆ ಇಡೀ ಹಾಳೆ ಒಮ್ಮೆಗೇ ಕಾಣುತ್ತದೆ. ಬೆರಳಿಗೆ ಸಿಗುವುದು ತನ್ನ ತುದಿಯಷ್ಟೇ ಜಾಗ. ಉಳಿದದ್ದನ್ನು ಅವಳು ನೆನಪಿನಲ್ಲಿ ಜೋಡಿಸಿಕೊಳ್ಳಬೇಕು. ಎರಡು ಗೆರೆಗಳ ನಡುವೆ 2–3 ಮಿ.ಮೀ. ಕೂಡ ಇಲ್ಲದಿದ್ದರೆ ಎರಡೂ ಒಂದೇ ಅನಿಸುತ್ತದೆ. ನಾನಂತೂ 5 ಬಿಡುತ್ತೇನೆ. ಹಾಗಾಗಿ ಒಂದು ನಕ್ಷೆಗೆ ಒಂದೇ ವಿಷಯ. ತಾಲ್ಲೂಕು ಗಡಿ, ರಸ್ತೆ ಬೇಕೇ ಬೇಕಾದರೆ ಬೇರೆ ಹಾಳೆಯಲ್ಲಿ ಮಾಡಿ.

ನದಿಯಿಂದ ಶುರು ಮಾಡಿ. ತುಂಗೆಗೆ ನುಣುಪಾದ ನೈಲಾನ್ ದಾರ, ಭದ್ರೆಗೆ ಒರಟು ಸೆಣಬಿನ ಹುರಿ. ಎರಡೂ ಹುಟ್ಟುವುದು ಗಂಗಾಮೂಲದಲ್ಲಿ, ಅಲ್ವಾ? ಹಾಳೆಯ ಕೆಳತುದಿಯಲ್ಲಿ ಅದಕ್ಕೊಂದು ಅಂಗಿಯ ಗುಂಡಿ ಅಂಟಿಸಿ. ಎರಡೂ ಕೈ ಅಲ್ಲಿಂದಲೇ ಹೊರಡಲಿ. ಎಡಗೈ ಬೆರಳು ತುಂಗೆಯ ಮೇಲೆ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ದಾಟುತ್ತದೆ. ಬಲಗೈಯದ್ದು ಭದ್ರೆಯ ಮೇಲೆ ಬಾಳೆಹೊನ್ನೂರು, ಭದ್ರಾವತಿ ದಾಟುತ್ತದೆ. ಕೂಡ್ಲಿಗೆ ಬಂದಾಗ ಬೆರಳಿಗೆ ಬೆರಳು ತಾಗುತ್ತದೆ. ಸಂಗಮ ಅಂದರೇನು ಅಂತ ನೀವು ಬಾಯಲ್ಲಿ ಹೇಳಬೇಕಾಗಿಲ್ಲ. ನದಿಯ ಸಣ್ಣಪುಟ್ಟ ತಿರುವುಗಳನ್ನು ನೇರ ಮಾಡಿಬಿಡಿ, ಪಾಪ ಏನೂ ಬರಲ್ಲ.

ಹೆಸರಿನದು ಇನ್ನೊಂದು ತಲೆನೋವು. ಬ್ರೈಲ್ ಅಕ್ಷರವನ್ನು ಚಿಕ್ಕದು ಮಾಡಲಾಗದು. ಕನ್ನಡ ಬ್ರೈಲ್‌ನಲ್ಲಿ ಕಾಗುಣಿತಕ್ಕೂ ಬೇರೆ ಮನೆ, ಅಂದರೆ ಆರು ಚುಕ್ಕಿಯ ಜಾಗ, ಬೇಕು. 'ತೀರ್ಥಹಳ್ಳಿ' ಅಂತ ಬರೆದರೆ ಬೆರಳುದ್ದ ಆಗುತ್ತದೆ. ನಕ್ಷೆಯ ಮೇಲೆ 'ತೀ' ಅಂತಷ್ಟೇ ಇರಲಿ, ಪೂರ್ತಿ ಹೆಸರು ಇನ್ನೊಂದು ಹಾಳೆಯಲ್ಲಿ.

ಅಂದಹಾಗೆ, ತೋಟದಲ್ಲಿ ಸಿಗುತ್ತದೆ ಅಂತ ಅಡಿಕೆ ಹಾಳೆಯ ಮೇಲೆ ಅಂಟಿಸಬೇಡಿ. ಗಟ್ಟಿಯೇನೋ ಹೌದು, ಆದರೆ ಅದರದ್ದೇ ಗೆರೆಗಳು ಬೆರಳಿಗೆ ಸಿಕ್ಕಿ ಹತ್ತಾರು ನದಿ ಆಗಿಬಿಡುತ್ತವೆ. ರಟ್ಟು ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ದಪ್ಪ ಪ್ಲಾಸ್ಟಿಕ್ ಹಾಳೆ ವಾಸಿ.

ಕಣ್ಣು ಮುಚ್ಚಿ ನೀವೇ ಮುಟ್ಟಿ ನೋಡಿದ್ದು ಲೆಕ್ಕಕ್ಕಿಲ್ಲ, ನಕ್ಷೆ ನಿಮಗೆ ಮೊದಲೇ ಗೊತ್ತಲ್ಲ. ಮೊದಲು ಡಬಲ್ ಸೈಡ್ ಟೇಪಿನಲ್ಲಿ ದಾರ ನಿಲ್ಲಿಸಿ ಅವಳ ಕೈಗೆ ಕೊಡಿ. ಬೆರಳು ಎಲ್ಲಿ ತಡವರಿಸುತ್ತದೋ ಅಲ್ಲಿ ದಾರ ಸರಿಸಿ. ಗೋಂದು ಆಮೇಲೆ.