ಪದವಿಲ್ಲದೆ ಹಾಡಲು ಗಂಟಲು ಕಟ್ಟುತ್ತದೆ

ಪ್ರಶ್ನೆ: ಚಿಕ್ಕಂದಿನಿಂದ ಹಾಡುತ್ತಿದ್ದೇನೆ, ಶ್ರುತಿಯ ತೊಂದರೆಯಿಲ್ಲ. ಇತ್ತೀಚೆಗೆ ಜಾಝ್ ಹಾಡುಗಾರಿಕೆಯ ಕಾರ್ಯಾಗಾರಕ್ಕೆ ಸೇರಿದೆ. ಮೊದಲ ದಿನವೇ ಎಲ್ಲರನ್ನೂ ವೃತ್ತದಲ್ಲಿ ನಿಲ್ಲಿಸಿ, ಒಬ್ಬೊಬ್ಬರಾಗಿ ಸ್ಕ್ಯಾಟ್ ಮಾಡಲು, ಅಂದರೆ ಪದಗಳ ಬದಲು ಅರ್ಥವಿಲ್ಲದ ಅಕ್ಷರಗಳಲ್ಲಿ ಆಗಿಂದಾಗಲೇ ಸ್ವರ ಕಟ್ಟಿ ಹಾಡಲು ಹೇಳಿದರು. ನನ್ನ ಸರದಿ ಬಂದಾಗ ಗಂಟಲು ಕಟ್ಟಿತು. ಮುಂದುವರಿಯಲೇ, ಬಿಡಲೇ?

ಉತ್ತರ: ಖಂಡಿತ ಬಿಡಬೇಡಿ. ಆದರೆ ಅವರು ಪಾಠ ಶುರುಮಾಡಿದ ಕ್ರಮ ನನಗೆ ಒಪ್ಪಿಗೆಯಿಲ್ಲ. ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ಚಲನೆ ಕಿವಿಗೆ ಇಳಿಯುವ ಮೊದಲೇ ಮನೋಧರ್ಮ ತೋರಿಸು ಎಂದರೆ ಯಾರ ಗಂಟಲಾದರೂ ಕಟ್ಟುತ್ತದೆ. ಯಾವ ಸ್ವರಕ್ಕೆ ಹೋಗಬೇಕೆಂದೇ ಗೊತ್ತಿಲ್ಲದಾಗ ಧೈರ್ಯ ಎಲ್ಲಿಂದ ಬರಬೇಕು?

ಬಾಯಿಗೆ ಬಂದ ಅಕ್ಷರ ಉದುರಿಸಿದರೆ ಸ್ಕ್ಯಾಟ್ ಆಯಿತೆಂದು ಅನೇಕರು ತಿಳಿದಿದ್ದಾರೆ. 1926ರ ಧ್ವನಿಮುದ್ರಿಕೆಯೊಂದರಲ್ಲಿ ಅದನ್ನು ಜನಪ್ರಿಯಗೊಳಿಸಿದ ಲೂಯಿ ಆರ್ಮ್‌ಸ್ಟ್ರಾಂಗ್ ಮೊದಲು ತುತ್ತೂರಿ ವಾದಕ. ವಾದ್ಯದಲ್ಲಿ ಪಳಗಿದ ಸಂಗತಿಗಳೇ ಕಂಠಕ್ಕೂ ಬಂದವು. ಜಾಝ್ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್ 1960ರಲ್ಲಿ ಬರ್ಲಿನ್ ಕಛೇರಿಯ ನಡುವೆ ಹಾಡಿನ ಸಾಹಿತ್ಯ ಮರೆತರು. ನಿಲ್ಲಿಸಲಿಲ್ಲ, ಆ ಕ್ಷಣದಲ್ಲೇ ಪದ ಕಟ್ಟಿಕೊಂಡು, ಸ್ಕ್ಯಾಟ್ ಬೆರೆಸಿ ಹಾಡಿ ಮುಗಿಸಿದರು. ಆ ಧ್ವನಿಮುದ್ರಣಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಸಾಹಿತ್ಯ ಕೈಕೊಟ್ಟರೂ ಕಾರ್ಡ್‌ಗಳ ದಾರಿ ಅವರ ಕಿವಿಯಲ್ಲಿ ಗಟ್ಟಿಯಾಗಿತ್ತು.

ನೀವೂ ಅಲ್ಲಿಂದಲೇ ಹೊರಡಿ. ಹನ್ನೆರಡು ಬಾರ್‌ಗಳ (ನಾಲ್ಕೆಣಿಕೆಯ ಆವರ್ತಗಳ) ಬ್ಲೂಸ್ ಎಂಬ ಹಾಡಿನ ಕಟ್ಟನ್ನು ತೆಗೆದುಕೊಳ್ಳಿ. ಸ್ಕ್ಯಾಟ್ ಬೇಡ, ಬಾಸ್ ಎಂಬ ತಗ್ಗು ದನಿಯ ವಾದ್ಯ ನುಡಿಸುವ ಆಧಾರಸ್ವರ ಮಾತ್ರ ಹಾಡಿ: ಮೊದಲ ನಾಲ್ಕು ಬಾರ್ ಸ, ಮುಂದಿನ ಎರಡು ಮ, ಮತ್ತೆರಡು ಸ, ಒಂಬತ್ತನೆಯದು ಪ, ಹತ್ತನೆಯದು ಮ, ಕೊನೆಯ ಎರಡು ಸ. ಇದು ನಿದ್ದೆಯಲ್ಲೂ ಬರುವಷ್ಟು ಬಾಯಿಪಾಠವಾಗಬೇಕು. ನಂತರ ಮೊದಲ ನಾಲ್ಕು ಬಾರ್‌ಗಳಲ್ಲಿ ಅಂತರ ಗಾಂಧಾರವನ್ನು ಹಿಡಿದು, ಐದನೆಯ ಬಾರ್ ಶುರುವಾಗುತ್ತಿದ್ದಂತೆ ಸಾಧಾರಣ ಗಾಂಧಾರಕ್ಕೆ ಇಳಿಯಿರಿ. ಇಳಿದದ್ದು ಅರ್ಧ ಸ್ವರ, ಅಷ್ಟೇ. ಆದರೆ ಪಿಯಾನೊ ಸುಮ್ಮನಿದ್ದರೂ ಕಾರ್ಡ್ ಬದಲಾದದ್ದು ಕೇಳುಗನಿಗೆ ತಿಳಿಯುತ್ತದೆ! ಈ ತಿರುವನ್ನು ನಿಮ್ಮ ದನಿಯಲ್ಲೇ ಕೇಳಿದ ದಿನ ಏನನ್ನು ಹಾಡುವುದೆಂಬ ಪ್ರಶ್ನೆ ನಿಮ್ಮನ್ನು ಕಾಡುವುದಿಲ್ಲ.

ಲಯಕ್ಕೆ ಮೆಟ್ರೊನೋಮ್ (ಸಮ ಅಂತರದಲ್ಲಿ ಟಿಕ್ ಎನ್ನುವ ಲಯಯಂತ್ರ) ಇರಲಿ. ಅದರ ಒಂದೊಂದು ಸದ್ದನ್ನೂ ಎರಡನೆಯ ಮತ್ತು ನಾಲ್ಕನೆಯ ಎಣಿಕೆಯೆಂದು ಭಾವಿಸಿ, ಒಂದು ಮತ್ತು ಮೂರನ್ನು ನೀವೇ ಒಳಗೆ ಎಣಿಸಿಕೊಳ್ಳಿ. ಸಮದ ಮೇಲೆ ಚಪ್ಪಾಳೆ ತಟ್ಟಿ ಬೆಳೆದ ಕೈಗೆ ಇದು ಆರಂಭದಲ್ಲಿ ಕಷ್ಟ. ಅಕ್ಷರಗಳ ಚಿಂತೆ ಕೊನೆಗಿರಲಿ. ‘ದೂ’, ‘ಬಾ’ ಎರಡೇ ಸಾಕು, ಸ್ವರವನ್ನು ಚಿಕ್ಕದಾಗಿ ಮುಗಿಸಬೇಕಾದಲ್ಲಿ ‘ದಾಟ್’.

ಕಾರ್ಯಾಗಾರದ ನಿಜವಾದ ಲಾಭ ಬೇರೆಯೇ ಇದೆ. ಮನೆಯಲ್ಲಿ ಎಷ್ಟು ಅಭ್ಯಾಸ ಮಾಡಿದರೂ ಜೀವಂತ ಪಿಯಾನೊ, ಬಾಸ್, ಡ್ರಮ್ಸ್ ಜೊತೆ ಹಾಡುವ ಅವಕಾಶ ಸಿಗುವುದಿಲ್ಲ. ಸಹಪಾಠಿ ಹಾಡುವಾಗಲೂ ನಿಮ್ಮ ಸರದಿಯ ಚಿಂತೆ ಬಿಟ್ಟು ಬಾಸ್ ಕೇಳುತ್ತಿರಿ. ಮುಕ್ಕಾಲು ಪಾಠ ಅಲ್ಲೇ ಸಿಗುತ್ತದೆ.

ಪ್ರಶ್ನೆ: ನನ್ನ ದನಿ ಒಂದು ಸ್ಥಾಯಿಗಿಂತ ಸ್ವಲ್ಪ ಹೆಚ್ಚು ಹೋಗುತ್ತದೆ, ಅಷ್ಟೆ. ಜಾಝ್ ಕಲಿಯಬಹುದೇ?

ಉತ್ತರ: ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರ ದನಿಯ ವ್ಯಾಪ್ತಿಯೂ ಸುಮಾರು ಅಷ್ಟೇ. ಅವರು ಪದವನ್ನು ತಾಳಕ್ಕಿಂತ ತುಸು ತಡವಾಗಿ ಇಳಿಸುವ ರೀತಿಯನ್ನು ಗಮನವಿಟ್ಟು ಕೇಳಿ. ವಾದ್ಯಗಳು ಮುಂದೆ ಸಾಗುತ್ತಿರುತ್ತವೆ, ಅವರಿಗೆ ಯಾವ ಅವಸರವೂ ಇಲ್ಲ, ಆದರೂ ಸಾಲು ಮುಗಿಯುವ ಹೊತ್ತಿಗೆ ಎಲ್ಲರೂ ಒಟ್ಟಿಗಿರುತ್ತಾರೆ. ನನಗೆ ಇದಕ್ಕಿಂತ ದೊಡ್ಡ ವಿದ್ಯೆ ಇನ್ನೊಂದು ಕಾಣುವುದಿಲ್ಲ. ಹಾಡಿನ ಸಾಲನ್ನು ಮೊದಲು ಮಾತಿನಂತೆ ಹೇಳಿ, ಎಲ್ಲಿ ತಾನಾಗಿ ನಿಲ್ಲುತ್ತೀರೋ ಅಲ್ಲೇ ಉಸಿರು ತೆಗೆದುಕೊಂಡು ಹಾಡಿ. ಮುದ್ರಿತ ಹಾಳೆಯ ಶ್ರುತಿಯಲ್ಲೇ ಹಾಡಬೇಕೆಂಬ ನಿಯಮವೇನೂ ಇಲ್ಲ. ನಿಮಗೆ ಹೊಂದುವ ಶ್ರುತಿಯನ್ನು ಸಂಕೋಚವಿಲ್ಲದೆ ಕೇಳಿ ಪಡೆಯಿರಿ.

ಪ್ರಶ್ನೆ: ಪಾಶ್ಚಾತ್ಯ ಸ್ವರಲಿಪಿ ಓದಲು ಬರಲೇಬೇಕೇ?

ಉತ್ತರ: ಶುರುಮಾಡಲು ಬೇಡ, ಮುಂದೆ ಬೇಕು. ರಾಗದ ಒಂದು ಸಾಲು, ಅದರ ಮೇಲೆ ಕಾರ್ಡ್‌ಗಳ ಹೆಸರು: ಇಷ್ಟಿರುವ ಲೀಡ್ ಶೀಟ್ ಓದುವಷ್ಟಾದರೂ ಕಲಿಯಿರಿ. ಅಲ್ಲಿಯವರೆಗೆ ಮೂರು ಸಂಗತಿ ನಿಮ್ಮ ಬಾಯಲ್ಲಿರಲಿ: ಶ್ರುತಿ, ವೇಗ, ಹಾಡಿನ ಕಟ್ಟು. ಬಹಳಷ್ಟು ಹಳೆಯ ಜಾಝ್ ಹಾಡುಗಳದು 32 ಬಾರ್‌ಗಳ ಕಟ್ಟು. ಎಂಟೆಂಟು ಬಾರ್‌ಗಳ ನಾಲ್ಕು ಭಾಗಗಳು, ಅನೇಕ ಹಾಡುಗಳಲ್ಲಿ ಮೂರನೆಯದು ಮಾತ್ರ ಬೇರೆ. ವೇಗ ಹೇಳುವ ಮೊದಲು ಹಾಡಿನ ಎರಡು ಸಾಲನ್ನು ಮನಸ್ಸಿನಲ್ಲೇ ಹಾಡಿಕೊಳ್ಳಿ, ಅದೇ ನಡೆಯಲ್ಲಿ ನಾಲ್ಕು ಎಣಿಸಿ ವಾದ್ಯದವರಿಗೆ ಕೊಡಿ.